ತಿದ್ದುವ ಮೊದಲಿನ ರೀಮಾ

ಅಲ್-ಬೈದಾ
9 ಜನವರಿ 2022

ತಿಬ್ರಾ,

ಸಲಾಮ್ ಇಲ್ಲದೆ ಕಾಗದ ಶುರು ಮಾಡಬಾರದು, ಅದಕ್ಕೆ ಸಲಾಮ್. ಇದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ನನ್ನಿಂದ ನಿರೀಕ್ಷಿಸಬೇಡ. ಫೋನಿನಲ್ಲಿ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಹಾಗಾಗಿ ಇದನ್ನು ಬೆಂಗಾಜಿ ಟ್ಯಾಕ್ಸಿಯ ಹಾಜ್ ಮುಖ್ತಾರ್ ಕೈಲಿ ಕಳಿಸುತ್ತಿದ್ದೇನೆ. ಅವನಿಗೆ ಚಾ ಕೊಟ್ಟು ಕಳಿಸು, ಅವನ ಮೇಲೆ ನನಗೆ ಸಿಟ್ಟಿಲ್ಲ.

ಹೋದ ವಾರ ನಿನ್ನ ಚಿಕ್ಕಮ್ಮನ ಮಗಳು ಇಲ್ಲಿಗೆ ಬಂದಿದ್ದಳು. ಚಳಿ, ನೆಗಡಿ, ಟೊಮ್ಯಾಟೊ ರೇಟು ಎಂದು ಅರ್ಧ ಗಂಟೆ ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದಳು. "ಅಲ್ಲ ಗಾಲಿಯಾ ಅಕ್ಕ, ತಿಬ್ರಾ ಹತ್ರ ಹಾರ್ಡ್ ಡಿಸ್ಕ್ ಇದ್ಯಲ್ಲ, ಅದ್ರಲ್ಲಿ ಫೋಟೋ ಎಲ್ಲಾ ಇದಾವಂತೆ. ಆದ್ರೆ ಯಾವ್ದು ಯಾರ್ದು ಅಂತಾನೇ ಗೊತ್ತಾಗ್ತಿಲ್ವಂತೆ. ಕ್ಯಾಟಲಾಗ್ ಅಂತ ಏನೋ ಇರುತ್ತಂತಲ್ಲ, ಅದು ನಿಮ್ಮತ್ರ ಇದ್ಯಾ?" ಅಂದಳು. ನನಗೆ ಎಷ್ಟು ನಗು ಬಂತೆಂದರೆ ಕೈಲಿದ್ದ ಚಾ ಹಾಸಿಗೆ ಮೇಲೆ ಚೆಲ್ಲಿತು.

ಆರು ವರ್ಷ ನನ್ನ ಪಕ್ಕ ಕೂತು ಕೆಲಸ ಮಾಡಿದವಳು ನೀನು. ಫೋಟೋ ಜೋಡಿಸಿಡುವ ಸಾಫ್ಟ್‌ವೇರಿನಲ್ಲಿ ಫೋಟೋಗಳು ಇರುವುದಿಲ್ಲ ಎಂದು ಎಷ್ಟು ಸಲ ಬಡಿದುಕೊಂಡಿದ್ದೆ? ಫೋಟೋ ಇರುವುದು ಡಿಸ್ಕಿನಲ್ಲಿ. ಯಾವ ಫೋಟೋ ಎಲ್ಲಿದೆ, ಯಾವ ಮದುಮಗಳದು, ಯಾವುದು ಆಲ್ಬಂಗೆ ಆರಿಸಿದ್ದು, ಬೆಳಕನ್ನು ನಾನು ಎಷ್ಟು ತಿದ್ದಿದ್ದು, ಇದೆಲ್ಲ ಇರುವುದು ಕ್ಯಾಟಲಾಗಿನಲ್ಲಿ. ಆ ಕ್ಯಾಟಲಾಗ್ ಇರುವುದು ನನ್ನ ಲ್ಯಾಪ್‌ಟಾಪಿನಲ್ಲಿ. ನಾನು ಸ್ಟುಡಿಯೋ ಬಿಟ್ಟು ಹೊರಟ ದಿನ ನೀನು ಆ ಡಿಸ್ಕನ್ನು ಎದೆಗವಚಿಕೊಂಡು ನಿಂತಿದ್ದೆ, ನೆನಪಿದೆಯಾ? ನಾನು ಜಗಳ ಆಡಲಿಲ್ಲ. ಯಾಕೆಂದು ಈಗ ಗೊತ್ತಾಗಿರಬೇಕು. ನಲವತ್ತೊಂದು ಸಾವಿರ ಫೋಟೋ, ಒಂದಕ್ಕೂ ಹೆಸರಿಲ್ಲ, ಬರೀ ನಂಬರು.

ಈಗ ನನ್ನ ವಿಷಯ. ಹೋದ ವರ್ಷ ಹಾಜ್ಜಾ ಮಬ್ರೂಕಾಳ ಮಗಳು ರೀಮಾಳ ಮದುವೆ. ಹೆಂಗಸರ ಮದುವೆ ಹಾಲ್‌ನ ಬಾಗಿಲಲ್ಲಿ ಎಲ್ಲರ ಫೋನನ್ನೂ ಇಸಿದುಕೊಂಡು ಚೀಲಕ್ಕೆ ಹಾಕಿ ಗಂಟು ಕಟ್ಟಿದ ಮೇಲೆ ಹಾಜ್ಜಾ ನನ್ನ ಕೈಯನ್ನು ರೀಮಾಳ ಕೈ ಮೇಲೆ ಇಟ್ಟಳು. "ಇವಳ ಮುಖ ನಿನ್ನ ಕೈಲಿದೆ ಮಗಳೇ. ಗಂಡಸರ ಕಣ್ಣಿಗೆ ಬೀಳಬಾರ್ದು" ಅಂದಳು. ನಾನು ಮಾತು ಕೊಟ್ಟೆ. ಮೂರು ನಾಲ್ಕು ವಾರ ಕಳೆಯುವುದರೊಳಗೆ ಕೂದಲು ಬಿಟ್ಟುಕೊಂಡು ಕುಣಿಯುತ್ತಿದ್ದ ರೀಮಾ ಮೀನು ಮಾರುಕಟ್ಟೆಯ ಕಾಫಿ ಅಂಗಡಿಯ ಗಂಡಸರ ಫೋನಿನಲ್ಲಿದ್ದಳು. ಗಂಡನ ಮನೆಯವರು ಅವಳನ್ನು ತವರಿಗೆ ತಂದು ಬಿಟ್ಟು ಹೋದರು. ಆ ಫೋಟೋವನ್ನು ನಾನು ಇವತ್ತಿಗೂ ನೋಡಿಲ್ಲ, ನನಗೆ ಯಾರು ತೋರಿಸುತ್ತಾರೆ? ಅರ್ಧ ಊರಿನ ಗಂಡಸರು ನೋಡಿದರು, ತೆಗೆದವಳು ನೋಡಿಲ್ಲ.

ಹಾಜ್ಜಾ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದಾಗ ನೀನು ಏನು ಹೇಳಿದೆ? "ಕ್ಯಾಮೆರಾ ಅವಳ್ದು ಹಾಜ್ಜಾ. ನಾನು ಬರೀ ಕಂಪ್ಯೂಟರ್ ಮುಂದೆ ಕೂರೋಳು." ಅಷ್ಟೇ. ಅಷ್ಟು ಹೇಳಿ ನಿನ್ನ ಬಳೆಗಳನ್ನು ನೋಡುತ್ತಾ ಕೂತೆ. ಅವತ್ತಿನಿಂದ ಬೆಂಗಾಜಿಯಲ್ಲಿ ಒಬ್ಬ ತಾಯಿಯೂ ನನ್ನನ್ನು ಮದುವೆ ಹಾಲ್ ಒಳಗೆ ಬಿಟ್ಟಿಲ್ಲ. ನಾನು ಕಳಿಸಲಿಲ್ಲ ಎಂದು ನನಗೆ ಗೊತ್ತು. ಉಳಿದವಳು ನೀನೊಬ್ಬಳೇ.

ನನ್ನ ಷರತ್ತು ಬರೆದುಕೋ. ರೀಮಾಳ ಮದುವೆಯ ಅಷ್ಟೂ ಫೋಟೋ ನನಗೆ ಬೇಕು. ಆಮೇಲೆ ಗುರುವಾರದ ಹೆಂಗಸರ ಕೂಟದಲ್ಲಿ, ಹಾಜ್ಜಾ ಮಬ್ರೂಕಾಳ ಎದುರು, ನಿನ್ನ ಬಾಯಿಂದಲೇ, ತಪ್ಪು ನನ್ನದು ಎಂದು ಹೇಳಬೇಕು. ಹೇಳಿದ ದಿನ ಕ್ಯಾಟಲಾಗ್ ನಿನ್ನ ಮನೆ ಬಾಗಿಲಿಗೆ ಬರುತ್ತದೆ.

ಮರೆಯದವಳು,
ಗಾಲಿಯಾ

ಬೆಂಗಾಜಿ
16 ಜನವರಿ 2022

ಗಾಲಿಯಾ,

ಸಲಾಮಿಗೆ ಸಲಾಮ್.

ನಿನ್ನ ಕ್ಯಾಟಲಾಗನ್ನು ಉಪ್ಪಿನಕಾಯಿ ಹಾಕಿಕೋ. ನನಗೂ ಕಣ್ಣಿದೆ. ನಮ್ಮ ಮದುಮಗಳಂದಿರ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ. ದಿನಕ್ಕೆ ಇನ್ನೂರು ಮುನ್ನೂರರಂತೆ ಜೋಡಿಸುತ್ತಿದ್ದೇನೆ. ಆಗಲೇ ಎರಡು ಸಾವಿರ ಮುಗಿದಿದೆ. ರಮಜಾನ್ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ಎಲ್ಲ ಮುಗಿಯುತ್ತದೆ.

ನೀನು ಅಲ್ಲಿ ಸ್ಕೂಲು ಮಕ್ಕಳ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದೀಯಂತೆ. ಒಳ್ಳೆಯದು, ಮಕ್ಕಳಿಗೆ ಮಾತು ಕೊಡಬೇಕಾಗಿಲ್ಲ. ಬಿಳಿ ಗೋಡೆ, ನೀಲಿ ಅಂಗಿ, ಮೂಗು ಒರೆಸಿದರೆ ಮುಗಿಯಿತು.

ಹಾಜ್ಜಾ ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ. ಕ್ಯಾಮೆರಾ ನಿನ್ನದಲ್ಲವಾ? ಮಾತು ಕೊಟ್ಟವಳು ನೀನಲ್ಲವಾ? ಸ್ಟುಡಿಯೋ ಬೋರ್ಡಿನ ಮೇಲೆ ಆರು ವರ್ಷ ನಿನ್ನ ಹೆಸರು ದೊಡ್ಡದಾಗಿತ್ತು, ನನ್ನದು ಕೆಳಗೆ ಸಣ್ಣ ಅಕ್ಷರದಲ್ಲಿ. ಹೊಗಳಿಕೆ ಬರುವಾಗ ದೊಡ್ಡ ಅಕ್ಷರ ನಿನ್ನದು, ಬೈಗುಳ ಬಂದಾಗ ಇಬ್ಬರದ್ದೂ ಎಂದರೆ ಹೇಗೆ?

ಸುಳ್ಳು ಹೇಳದವಳು,
ತಿಬ್ರಾ

ಅಲ್-ಬೈದಾ
10 ಫೆಬ್ರವರಿ 2022

ತಿಬ್ರಾ,

ಹಾಜ್ ಮುಖ್ತಾರ್ ಕೈಲಿ ಒಂದು ಬಾಟಲಿ ಜೇನು ಕಳಿಸಿದ್ದೇನೆ. ನಮ್ಮ ಬೆಟ್ಟದ್ದು, ನಿನ್ನ ಅಮ್ಮನ ಕೆಮ್ಮಿಗೆ ಒಳ್ಳೆಯದು. ನಿನ್ನ ಜೊತೆ ಜಗಳವಿದ್ದರೂ ನಿನ್ನ ಅಮ್ಮನ ಜೊತೆ ಇಲ್ಲ.

ನಿನ್ನ ಕಾಗದ ಓದಿ ನಾಲ್ಕು ದಿನ ಹಲ್ಲು ಕಡಿದೆ. ಆಮೇಲೆ ಸುಮ್ಮನಾದೆ. ಇಲ್ಲಿ ಹಿಮ ಬಿದ್ದಿತ್ತು, ಕರೆಂಟಿರಲಿಲ್ಲ, ಕಂಬಳಿ ಹೊದ್ದು ಕೂತಾಗ ಹಳೆಯದೆಲ್ಲ ನೆನಪಾಯಿತು. ಎರಡನೇ ವರ್ಷ ಎಂಟೆಂಟು ಗಂಟೆ ಕರೆಂಟ್ ಹೋಗುತ್ತಿದ್ದಾಗ ನಿನ್ನ ಅಪ್ಪನ ಕಾರಿನಲ್ಲಿ ಕೂತು, ಇಂಜಿನ್ ಆನ್ ಮಾಡಿ, ಅದರಿಂದ ಲ್ಯಾಪ್‌ಟಾಪಿಗೆ ಚಾರ್ಜ್ ಹಾಕಿ ಒಂದು ಆಲ್ಬಂ ಮುಗಿಸಿದ್ದೆವಲ್ಲ? ಕಿಟಕಿ ಪೂರ್ತಿ ಮಂಜು ಹಿಡಿದು ನಿನ್ನ ಅಪ್ಪ ಹೊರಗಿನಿಂದ ಬಡಿದು, "ಒಳಗೆ ಬದುಕಿದ್ದೀರಾ ಇಲ್ವಾ?" ಎಂದು ಕೂಗಿದ್ದರು.

ಈಚೆಗೆ ನಿನ್ನ ಕಡೆಯ ಮೂವರು ಮದುಮಗಳಂದಿರು ನನಗೆ ಫೋನ್ ಮಾಡಿದರು. ಒಬ್ಬಳಿಗೆ ನೀನು ಇನ್ನೊಬ್ಬಳ ಮೆಹಂದಿಯ ಫೋಟೋ ತೋರಿಸಿದ್ದೀಯಂತೆ. "ಅಕ್ಕ, ಇದು ನನ್ನ ಕೈಯೇ ಅಲ್ಲ" ಎಂದು ಅಳುತ್ತಿದ್ದಳು. ಇದು ಹೀಗೇ ನಡೆದರೆ ಇನ್ನೊಂದು ಮನೆ ಹಾಳಾಗುತ್ತದೆ. ನನಗದು ಬೇಡ.

ಆಯಿತು, ಕ್ಷಮೆ ಕೇಳುವುದು ಬೇಡ. ಅಷ್ಟೂ ಫೋಟೋ ಬೇಡ. ರೀಮಾಳ ತಿದ್ದಿದ ಫೋಟೋಗಳು ಇದ್ದವಲ್ಲ, ನಾನು ನಿನಗೆ ಎಡಿಟಿಂಗಿಗೆ ಕಳಿಸಿದ್ದವು, ಇನ್ನೂರ ಹನ್ನೆರಡು, ಅಷ್ಟು ಮಾತ್ರ ಕೊಡು. ಗಲಾಟೆಯಲ್ಲಿ ಅವಳಿಗೆ ಆಲ್ಬಂ ಸಿಗಲೇ ಇಲ್ಲ. ಅದೊಂದು ಋಣ ತೀರಿಸಿಬಿಡುತ್ತೇನೆ. ಅವು ಬಂದ ಮೇಲೆ ಕ್ಯಾಟಲಾಗ್ ನಿನ್ನದು.

ನಿನ್ನ ಹಳೆಯ,
ಗಾಲಿಯಾ

ಬೆಂಗಾಜಿ
22 ಫೆಬ್ರವರಿ 2022

ಗಾಲಿಯಾ,

ಅಮ್ಮ ಒಂದು ಚಮಚ ಜೇನು ಬಾಯಿಗಿಟ್ಟು, "ಥೂ, ಇವಳು ಔಷಧಿ ಕಳಿಸಿದ್ದಾಳೋ ವಿಷ ಕಳಿಸಿದ್ದಾಳೋ?" ಅಂದಳು. ಕಹಿ ಜೇನೇ ಬೇಕಿತ್ತಾ ನಿನಗೆ? ಆದರೆ ಕೆಮ್ಮು ಕಡಿಮೆಯಾಗಿದೆ.

ಕಾರಿನ ವಿಷಯ ನೀನು ಬರೆಯಬಾರದಿತ್ತು.

ಪೆನ್‌ಡ್ರೈವ್ ಇದರ ಜೊತೆಗಿದೆ. ಇನ್ನೂರ ಹನ್ನೆರಡೂ ಇವೆ. ಮೂಲೆಯಲ್ಲಿದ್ದ ಸ್ಟುಡಿಯೋ ಮುದ್ರೆ ತೆಗೆದಿದ್ದೇನೆ, ಈಗ ಅದರಿಂದ ಯಾರಿಗೂ ಉಪಯೋಗವಿಲ್ಲ. ರೀಮಾಳಿಗೆ ಕೊಡುವುದಾದರೆ ನೀನೇ ಕೊಡು, ನನ್ನ ಹೆಸರು ಹೇಳಬೇಡ. ನಿಜ ಹೇಳಬೇಕೆಂದರೆ ನನಗೆ ಸುಸ್ತಾಗಿದೆ. ಐದು ಸಾವಿರ ಮುಗಿಸಿದ್ದೇನೆ. ಎಲ್ಲಾ ಬಿಳಿ ಡ್ರೆಸ್ಸು, ಎಲ್ಲಾ ಅದೇ ಮದುವೆ ಹಾಲ್, ಎಲ್ಲಾ ಅದೇ ಕೇಕು. ಕ್ಯಾಟಲಾಗ್ ಬೇಗ ಕಳಿಸು.

ತಿಬ್ರಾ

ಅಲ್-ಬೈದಾ
1 ಮಾರ್ಚ್ 2022

ತಿಬ್ರಾ,

ಸಿಕ್ಕಿಬಿದ್ದೆ ನೀನು.

ಇದನ್ನು ನಿಧಾನವಾಗಿ ಬರೆಯುತ್ತೇನೆ, ನೀನೂ ನಿಧಾನವಾಗಿ ಓದು. ಒಂದು ವರ್ಷ ಕಾದಿದ್ದೇನೆ, ಈಗ ಅವಸರವಿಲ್ಲ.

ನಾನು ಕ್ಯಾಟಲಾಗಿನಿಂದ ಒಂದು ಫೋಟೋವನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ಕಳಿಸಿದಾಗ ಮೂಲ ಇದ್ದಲ್ಲೇ ಇರುತ್ತದೆ, ಅದರ ಒಂದು ಪ್ರತಿ ಮಾತ್ರ ಹೋಗುತ್ತದೆ. ನೀನು ಆ ಪ್ರತಿಯಲ್ಲಿ ಮೊಡವೆ ತೆಗೆದು, ಕಣ್ಣಿನ ಕೆಳಗಿನ ಕಪ್ಪು ತೆಗೆದು ಸೇವ್ ಮಾಡಿದರೆ ಅದು ವಾಪಸ್ ಬಂದು ಮೂಲದ ಪಕ್ಕ ಕೂರುತ್ತದೆ. ಆರು ವರ್ಷದ ಎಲ್ಲ ಮದುವೆಗಳೂ ನನ್ನ ಕ್ಯಾಟಲಾಗಿನಲ್ಲಿ ಹೀಗೇ ಜೋಡಿ ಜೋಡಿಯಾಗಿ ಕೂತಿವೆ. ರೀಮಾಳದು ಮಾತ್ರ ಒಂಟಿ. ಇನ್ನೂರ ಹನ್ನೆರಡು ಹೋದವು, ಒಂದೂ ವಾಪಸ್ ಬರಲಿಲ್ಲ. ಯಾಕೆ ಎಂದು ತಲೆ ಕೆಡಿಸಿಕೊಂಡೇ ನಾನು ಅವನ್ನು ಕೇಳಿದ್ದು. ಆಲ್ಬಮ್ಮಿಗಲ್ಲ. ಜೇನನ್ನೂ ಕೆಮ್ಮಿಗೆ ಕಳಿಸಿದ್ದಲ್ಲ.

ಕಂಪ್ಯೂಟರಿನಲ್ಲಿ ಪ್ರತಿ ಫೋಟೋದ ಬೆನ್ನಿಗೆ ಮಾಹಿತಿಯ ಒಂದು ಪುಟ ಅಂಟಿಕೊಂಡಿರುತ್ತದೆ. ಯಾವ ಕ್ಯಾಮೆರಾ, ಯಾವ ದಿನ, ಯಾರದು ಎಂದು. ನೀನು ಮುಂದಿನ ಮುದ್ರೆ ಒರೆಸಿದೆ, ಬೆನ್ನನ್ನು ಮರೆತೆ. ಇನ್ನೂರ ಹನ್ನೆರಡರ ಬೆನ್ನ ಮೇಲೂ ಬರೆದಿದೆ: ಅನೀಸ್ ಮುದ್ರಣಾಲಯ, ಬುಆತ್ನಿ. ನಿನ್ನ ತಮ್ಮನ ಅಂಗಡಿ! ಪ್ರತಿ ಸಲ ಟೈಪ್ ಮಾಡಲು ಸೋಮಾರಿತನ ಪಟ್ಟು, ತನ್ನ ಕಂಪ್ಯೂಟರಿಗೆ ಬಂದ ಪ್ರತಿ ಫೋಟೋಕ್ಕೂ ಅಂಗಡಿ ಹೆಸರು ತಾನಾಗಿಯೇ ಅಂಟುವ ಹಾಗೆ ಮಾಡಿಟ್ಟಿದ್ದಾನೆ. ಪುಣ್ಯಾತ್ಮ.

ಕೂದಲು ಬಿಟ್ಟ ರೀಮಾಳನ್ನು, ತೋಳಿಲ್ಲದ ಡ್ರೆಸ್ಸಿನ ರೀಮಾಳನ್ನು ಒಬ್ಬ ಗಂಡಸಿನ ಮುಂದೆ ಹರಡಿದೆಯಲ್ಲೇ. ಹರಡಿ ಬಂದು ಹಾಜ್ಜಾ ಎದುರು ಬಳೆ ನೋಡುತ್ತಾ ಕೂತೆಯಲ್ಲೇ! ನನ್ನ ಬೆನ್ನಿಗೆ ಚೂರಿ ಹಾಕಿದವಳ ಮನೆಗೆ ನಾನು ಆರು ವರ್ಷ ಪ್ರತಿ ಶುಕ್ರವಾರ ಊಟಕ್ಕೆ ಬಂದಿದ್ದೆ.

ಆ ಪುಟವನ್ನು ಪ್ರಿಂಟ್ ತೆಗೆಸಿದ್ದೇನೆ. ಹಾಜ್ಜಾ ಮಬ್ರೂಕಾಳಿಗೆ ಹೇಳಿ ಕಳಿಸಿದ್ದೇನೆ, ಹೆಸರು ಸಿಕ್ಕಿದೆ, ಖುದ್ದಾಗಿ ತರುತ್ತೇನೆ ಎಂದು. ಕ್ಯಾಟಲಾಗ್ ಬರುವುದಿಲ್ಲ. ಕಾಯಬೇಡ.

ಗಾಲಿಯಾ

ಬೆಂಗಾಜಿ
6 ಮಾರ್ಚ್ 2022

ಗಾಲಿಯಾ ಅಕ್ಕ,

ಈ ಅಕ್ಕ ಎನ್ನುವ ಮಾತನ್ನು ಒಂದು ವರ್ಷದಿಂದ ಬರೆದಿರಲಿಲ್ಲ. ಈಗ ಬರೆದದ್ದು ಭಯಕ್ಕೆ ಎಂದು ನಿನಗೂ ಗೊತ್ತು.

ಹೌದು, ಕೊಟ್ಟೆ. ನೀನು ಫೋಟೋ ಕಳಿಸಿದ ಮಾರನೇ ದಿನ ಕರೆಂಟ್ ಹೋಗಿ ಬಂದು ನನ್ನ ಕಂಪ್ಯೂಟರ್ ಸುಟ್ಟಿತು. ಹಾಜ್ಜಾ ಆಲ್ಬಂ ಆಲ್ಬಂ ಎಂದು ದಿನಾ ಫೋನ್ ಮಾಡುತ್ತಿದ್ದಳು. ನೀನು ಒಂದು ಮದುವೆ ತೆಗೆಯಲು ಮಿಸ್ರಾತಾಕ್ಕೆ ಹೋಗಿದ್ದೆ. ಅನೀಸ್ ಅಂಗಡಿಯಲ್ಲಿ ಜನರೇಟರ್ ಇತ್ತು. ಮೂರು ದಿನ ಅವನ ಪಕ್ಕದಲ್ಲೇ ಕೂತು ಮಾಡಿಸಿದೆ. ಅವನು ಮುಖ ಕೂಡ ನೆಟ್ಟಗೆ ನೋಡಲಿಲ್ಲ. "ಅಕ್ಕ, ಎಲ್ಲಿ ತಿದ್ಬೇಕೋ ಬೆರಳು ತೋರ್ಸು, ಅಷ್ಟೇ ದೊಡ್ಡದು ಮಾಡ್ಕೊಂಡು ನೋಡ್ತೀನಿ" ಅಂದ. ಚರ್ಮದ ಮೇಲಿನ ಚುಕ್ಕಿ, ಕಲೆ ಇಷ್ಟೇ ಅವನು ನೋಡಿದ್ದು.

ಆಮೇಲೆ ಫೋಟೋ ಹೊರಗೆ ಬಂತು. ಅವನನ್ನು ಹಿಡಿದು ಕೇಳಿದೆ. ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದ. ನಂಬಿದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಅವತ್ತಿನಿಂದ ಅವನನ್ನು ಮನೆಯೊಳಗೆ ಬಿಟ್ಟಿಲ್ಲ. ಈದ್ ದಿನ ಮಕ್ಕಳನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ. ನಾನು ತೆಗೆಯಲಿಲ್ಲ. ಅಮ್ಮ ಒಳಗಿಂದ ಅಳುತ್ತಿದ್ದಳು.

ರೀಮಾಳ ಅಣ್ಣಂದಿರನ್ನು ನೀನು ಬಲ್ಲೆ. ಆ ಕಾಗದ ಅವರ ಕೈಗೆ ಹೋದರೆ ಅವರು ವಿಚಾರಿಸುವುದಿಲ್ಲ. ಅಂಗಡಿಗೆ ನೇರ ಹೋಗುತ್ತಾರೆ, ಬರಿಗೈಲಿ ಹೋಗುವುದಿಲ್ಲ. ನಿನಗೆ ನಾನು ಬೇಕಾದರೆ ನನ್ನನ್ನು ತಗೋ. ಗುರುವಾರ ಬಂದು ನಾನೇ ಕಳಿಸಿದ್ದು ಎಂದು ಹೇಳುತ್ತೇನೆ. ಅನೀಸನ ಹೆಸರು ಎತ್ತಬೇಡ.

ತಿಬ್ರಾ

ಅಲ್-ಬೈದಾ
9 ಮಾರ್ಚ್ 2022

ತಿಬ್ರಾ,

ನನ್ನ ಹೆಸರು ಹೇಳುವಾಗ ನೀನು ಇಷ್ಟು ಯೋಚನೆ ಮಾಡಿರಲಿಲ್ಲ.

ಇಪ್ಪತ್ತನಾಲ್ಕನೇ ತಾರೀಕು, ಗುರುವಾರ, ಅಸರ್ ನಮಾಜಿನ ನಂತರ ಹಾಜ್ಜಾ ಬರಹೇಳಿದ್ದಾಳೆ. ನಿನ್ನ ತಮ್ಮನಿಗೆ ಹದಿನೈದು ದಿನ ಇದೆ. ಅದೂ ನನ್ನ ದೊಡ್ಡ ಮನಸ್ಸು.

ಗಾಲಿಯಾ

ಅಲ್-ಬೈದಾ
25 ಮಾರ್ಚ್ 2022

ತಿಬ್ರಾ,

ಅನೀಸ್ ಅಂಗಡಿ ಇನ್ನೂ ಇದೆ, ನಿನಗೆ ಗೊತ್ತಿರುತ್ತದೆ. ಯಾಕೆ ಇದೆ ಎಂದು ಬರೆಯುತ್ತಿದ್ದೇನೆ. ಈ ಕಾಗದವನ್ನು ಎರಡು ಸಲ ಹರಿದಿದ್ದೇನೆ, ಇದು ಮೂರನೆಯದು.

ನಿನ್ನೆ ಬೆಳಿಗ್ಗೆ ಏಳರ ಟ್ಯಾಕ್ಸಿಗೆ ಬೆಂಗಾಜಿಗೆ ಬಂದೆ. ಮದುವೆಗೆ ಹೋಗುವವಳ ಹಾಗೆ ಹೊಸ ಅಬಾಯ ಹಾಕಿದ್ದೆ. ಕಾಗದ ಬ್ಯಾಗಿನಲ್ಲಿತ್ತು, ದಾರಿಯಲ್ಲಿ ಹತ್ತು ಸಲ ಮುಟ್ಟಿ ನೋಡಿಕೊಂಡೆ. ಅಷ್ಟು ಖುಷಿ ನನಗೆ ಈಚೆಗೆ ಆಗಿದ್ದಿಲ್ಲ.

ಹಾಜ್ಜಾ ಮನೆಯಲ್ಲಿ ಹೆಂಗಸರು ತುಂಬಿದ್ದರು. ಹೋದ ವರ್ಷ ನನಗೆ ಬಾಗಿಲು ಹಾಕಿದವರೇ ಈಗ ಸರಿದು ಜಾಗ ಕೊಟ್ಟರು. ಕಡಲೆಕಾಯಿ ಹಾಕಿದ ಚಾ ಬಂತು. ಹಾಜ್ಜಾ ಅವರನ್ನೆಲ್ಲ ಅಂಗಳಕ್ಕೆ ಕಳಿಸಿ ನನ್ನನ್ನು ಒಳಕೋಣೆಗೆ ಕರೆದಳು. ಅಲ್ಲಿ ರೀಮಾ ಇದ್ದಳು. ಬಹಳ ಇಳಿದು ಹೋಗಿದ್ದಾಳೆ.

"ಹೆಸರು ಹೇಳು ಮಗಳೇ. ಹುಡುಗ್ರು ಹೊರಗಿನ ಕೋಣೇಲಿ ಕೂತಿದ್ದಾರೆ" ಅಂದಳು ಹಾಜ್ಜಾ.

"ಹೇಳ್ತೀನಿ ಹಾಜ್ಜಾ. ಮೊದ್ಲು ಆ ಫೋಟೋ ನೋಡ್ಬೇಕು. ಈ ಕಾಗದ ಬೇರೆ ಫೋಟೋದ್ದು ಅಂತ ನಾಳೆ ಯಾರೂ ಅನ್ನಬಾರ್ದು ನೋಡಿ." ಇದು ನೆಪ. ನಿಜವಾಗಿ ನನಗೆ ಆ ಕ್ಷಣವನ್ನು ಇನ್ನಷ್ಟು ಹೊತ್ತು ಸವಿಯಬೇಕಿತ್ತು.

ಹಾಜ್ಜಾ, "ಆ ದರಿದ್ರ ನಮ್ಮನೇಲಿ ಎಲ್ಲಿರುತ್ತೆ?" ಎಂದು ರೇಗಿದಳು. ರೀಮಾ ಮಾತ್ರ ತನ್ನ ಫೋನು ತೆಗೆದಳು. ಹಾಜ್ಜಾ ಕಣ್ಣರಳಿಸಿ ಮಗಳನ್ನೇ ನೋಡಿದಳು.

"ಅಯ್ಯೋ ನಿನ್ನ! ಅಳ್ಸಿಲ್ವೇನೇ ಇನ್ನೂ?"

"ಯಾಕಮ್ಮ ಅಳಿಸ್ಲಿ? ಊರವ್ರೆಲ್ಲ ಇಟ್ಕೊಂಡಿದ್ದಾರೆ. ನನ್ನ ಮದುವೇದು ಅಂತ ನನ್ಹತ್ರ ಇರೋದು ಇದೊಂದೇ." ನನ್ನ ಕಡೆ ತಿರುಗಿ, "ಚೆನ್ನಾಗ್ ತೆಗ್ದಿದ್ದೀರ ಅಕ್ಕ. ಅವತ್ತು ನಾನು ಇಷ್ಟು ಖುಷಿಯಾಗಿದ್ದೆ ಅಂತ ಇದನ್ನ ನೋಡಿದ್ಮೇಲೇ ನಂಗೆ ಗೊತ್ತಾಗಿದ್ದು" ಅಂದಳು.

ಫೋನು ಕೈಗೆ ತಗೊಂಡೆ. ತಿಬ್ರಾ, ರೀಮಾಳ ಎಡ ಮೊಣಕೈ ಹತ್ತಿರ ಒಂದು ಕಲೆ ಇದೆ. ಚಿಕ್ಕವಳಿದ್ದಾಗ ಸ್ಫಿಂಜ್ ಕರಿಯುವ ಎಣ್ಣೆ ಸಿಡಿದದ್ದು. ನಾನೇ ನಿನಗೆ ಪಟ್ಟಿಯಲ್ಲಿ ಬರೆದು ಕಳಿಸಿದ್ದೆ, ಮೊಣಕೈ ಕಲೆ ತೆಗೆ ಎಂದು. ನೀನು ಕಳಿಸಿದ ಇನ್ನೂರ ಹನ್ನೆರಡರಲ್ಲಿ ಒಂದರಲ್ಲೂ ಆ ಕಲೆ ಇಲ್ಲ. ನಿನ್ನ ತಮ್ಮ ಚೆನ್ನಾಗಿಯೇ ಅಳಿಸಿದ್ದಾನೆ. ರೀಮಾಳ ಫೋನಿನಲ್ಲಿದ್ದ ಫೋಟೋದಲ್ಲಿ ಕಲೆ ಇತ್ತು.

ಡಿಸ್ಕಿನಲ್ಲಿರುವ ಮೂಲವೇ ಹೊರಗೆ ಹೋಯಿತೇನೋ ಎಂದುಕೊಂಡೆ. ಅದೂ ಅಲ್ಲ. ಆ ಮದುವೆ ಹಾಲ್‌ನ ಟ್ಯೂಬ್‌ಲೈಟಿಗೆ ಮೂಲ ಪೂರ್ತಿ ಹಸಿರು ಹಸಿರು. ಇದು ಬೆಚ್ಚಗಿನ ಬಣ್ಣದ್ದು, ನಾನು ಕ್ಯಾಟಲಾಗಿನಲ್ಲಿ ತಿದ್ದಿದ ಬೆಳಕು. ಅದಕ್ಕಿಂತ ಹೆಚ್ಚಾಗಿ, ಮೂಲದಲ್ಲಿ ಎಡಗಡೆ ರೀಮಾಳ ದಪ್ಪ ಚಿಕ್ಕಮ್ಮನೊಬ್ಬಳು ತಟ್ಟೆ ಹಿಡಿದು ನಿಂತಿದ್ದಾಳೆ. ಇದರಲ್ಲಿ ಅವಳಿಲ್ಲ. ಅವಳನ್ನು ಕತ್ತರಿಸಿದವಳು ನಾನು. ನಿನಗೆ ಪ್ರತಿಗಳನ್ನು ಕಳಿಸಿ ಐದು ದಿನ ಆದ ಮೇಲೆ ಕತ್ತರಿಸಿದ್ದು. ಹಾಗೆ ಕತ್ತರಿಸಿದ ಫೋಟೋ ನನ್ನ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಆಗ ನೆನಪಾಯಿತು. ಮದುವೆ ಹಾಲ್‌ನ ಮಾಲೀಕಳ ಸೊಸೆ ತನ್ನ ತಂಗಿಯ ಮದುವೆಗೆ ಫೋಟೋದವಳನ್ನು ಹುಡುಕುತ್ತಿದ್ದಳು. "ನಿಮ್ಮ ಕೆಲ್ಸ ಒಂದು ತೋರ್ಸಿ, ಬೇರೆಯವ್ಳು ಕಡಿಮೆಗೆ ಬರ್ತೀನಿ ಅಂತಿದ್ದಾಳೆ" ಅಂದಳು. ನನಗೆ ರೋಷ ಬಂತು. ನನ್ನ ಕೈಯಲ್ಲಿ ಅಂಥದ್ದೊಂದು ಫೋಟೋ ಬಂದಿದೆ, ಅದನ್ನು ಯಾರಿಗೂ ತೋರಿಸದೆ ಇಟ್ಟುಕೊಳ್ಳುವುದು ಹೇಗೆ? ಚಿಕ್ಕಮ್ಮನನ್ನು ಕತ್ತರಿಸಿ, ಚಿಕ್ಕದು ಮಾಡಿ, ಒಂದೇ ಒತ್ತಿಗೆ ಅವಳ ಫೋನಿಗೆ ಕಳಿಸಿದೆ. "ನೋಡಿ ಅಳಿಸಿಬಿಡು" ಎಂದು ಬರೆದೆ. ಹೆಂಗಸು ಹೆಂಗಸಿಗೆ ತೋರಿಸಿದ್ದು, ಕೊಟ್ಟ ಮಾತೇನೂ ಮುರಿಯಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಪೂರ್ತಿ ಮರೆತೆ. ಮರೆತೆನೋ ಮರೆಸಿಕೊಂಡೆನೋ, ಈಗ ಹೇಳಲಾರೆ.

"ಹೆಸರು?" ಅಂದಳು ಹಾಜ್ಜಾ.

ನಿನಗೆ ಸುಳ್ಳು ಬರೆಯುವುದಿಲ್ಲ. ಬ್ಯಾಗಿನಲ್ಲಿ ಅನೀಸನ ಹೆಸರಿನ ಕಾಗದ ಇತ್ತು. ತೆಗೆದುಕೊಟ್ಟಿದ್ದರೆ ಯಾರೂ ಕಲೆ ನೋಡುತ್ತಿರಲಿಲ್ಲ, ಚಿಕ್ಕಮ್ಮನನ್ನು ಹುಡುಕುತ್ತಿರಲಿಲ್ಲ. ಎಲ್ಲ ಗೊತ್ತಾದ ಮೇಲೂ ಅವನ ಹೆಸರು ನನ್ನ ನಾಲಿಗೆ ತುದಿಗೆ ಬಂತು. ಹೇಳಬೇಕು ಅನ್ನಿಸಿತು. ನಿನ್ನ ಮೇಲಿನ ಸಿಟ್ಟು ಅಷ್ಟಿತ್ತು. ಅವನು ಮಾಡಿಲ್ಲ ಎಂದು ಗೊತ್ತಾದರೂ ಅದು ಇಳಿಯಲಿಲ್ಲ. ರೀಮಾ ಫೋನು ವಾಪಸ್ ತಗೊಂಡು ಬೆರಳಿನಿಂದ ಪರದೆ ಒರೆಸುತ್ತಿದ್ದಳು. ಅದನ್ನು ನೋಡಿ ಬ್ಯಾಗನ್ನು ಹಿಂದಕ್ಕೆ ಸರಿಸಿದೆ.

"ಗುರುತು ಸರಿಯಾಗಿ ಹೊಂದ್ತಿಲ್ಲ ಹಾಜ್ಜಾ. ತಪ್ಪು ಹೆಸರು ಹೇಳಿದ್ರೆ ಪಾಪ ಬರುತ್ತೆ. ಸ್ವಲ್ಪ ದಿನ ಕೊಡಿ" ಅಂದೆ.

"ಒಂದ್ ವಾರ. ರಮಜಾನ್‌ಗೆ ಮೊದ್ಲು ನಂಗೆ ಹೆಸರು ಬೇಕು" ಅಂದಳು.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಕ್ಯಾಟಲಾಗಿನಲ್ಲಿ 'ಮಾದರಿ' ಎಂದು ಒಂದು ಪಟ್ಟಿ ಇದೆ. ಅದರಲ್ಲಿ ಹೋದ ವರ್ಷ ಮಾರ್ಚ್ ಹತ್ತೊಂಬತ್ತರ ಕೆಳಗೆ ಒಂದೇ ಒಂದು ಫೋಟೋ. ಒಂದು ಬಟನ್ ಒತ್ತಿದರೆ ಹೋಗುತ್ತಿತ್ತು. ಒತ್ತಲಿಲ್ಲ. ನಿನ್ನನ್ನು ಹಿಡಿಯಲು ಫೋಟೋದ ಬೆನ್ನು ಓದಿದವಳು ನಾನು. ನನ್ನ ಸಾಲನ್ನು ಮಾತ್ರ ಹರಿದು ಹಾಕಲು ಕೈ ಬರಲಿಲ್ಲ.

ಕ್ಯಾಟಲಾಗನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಡಿಸ್ಕ್ ಸಿಕ್ಕಿಸಿ ತೆರೆ. ಫೋಟೋಗಳ ಮೇಲೆಲ್ಲ ಪ್ರಶ್ನೆ ಗುರುತು ಬರುತ್ತದೆ, ಗಾಬರಿಯಾಗಬೇಡ. ಒಂದರ ಮೇಲೆ ಒತ್ತಿ ಡಿಸ್ಕಿನ ಜಾಗ ತೋರಿಸಿದರೆ ಉಳಿದವೆಲ್ಲ ತಾವಾಗಿಯೇ ಸಿಗುತ್ತವೆ. ಅನೀಸನ ಕಾಗದವನ್ನೂ ಇಟ್ಟಿದ್ದೇನೆ, ಸುಟ್ಟುಬಿಡು. ಹಾಜ್ಜಾಳಿಗೆ ಹೇಳುವ ಧೈರ್ಯ ನನಗಿಲ್ಲ. ವಾರ ಕಳೆದ ಮೇಲೆ ಏನೂ ಸಿಗಲಿಲ್ಲ ಎಂದು ಹೇಳಿ ಕಳಿಸುತ್ತೇನೆ. ನಿನಗೆ ಹೇಳಿದ್ದೇನೆ. ಇಲ್ಲಿಗೆ ಮುಗಿಸೋಣ.

ಗಾಲಿಯಾ

ಬೆಂಗಾಜಿ
29 ಮಾರ್ಚ್ 2022

ಗಾಲಿಯಾ,

ಕ್ಯಾಟಲಾಗ್ ತೆರೆಯಿತು. ನೀನು ಹೇಳಿದ ಹಾಗೆಯೇ ಮಾಡಿದೆ. ಪ್ರಶ್ನೆ ಗುರುತುಗಳು ಒಂದೊಂದಾಗಿ ಹೋಗಿ ನಲವತ್ತೊಂದು ಸಾವಿರಕ್ಕೂ ಹೆಸರು ಬಂತು. ಮೂರು ತಿಂಗಳು ಕಣ್ಣು ಕೆಡಿಸಿಕೊಂಡು ನಾನು ಮಾಡಲಾಗದ್ದು ಒಂದು ಲೋಟ ಚಾ ಆರುವುದರೊಳಗೆ ಆಯಿತು. ನಾನು ಅಳುತ್ತಿದ್ದೆ. ಇದನ್ನು ನಿನಗೆ ಹೇಳಬಾರದಿತ್ತು, ಹೇಳಿದ್ದೇನೆ.

ಆಮೇಲೆ 'ಮಾದರಿ' ತೆರೆದೆ. ಮಾರ್ಚ್ ಹತ್ತೊಂಬತ್ತು. ಕಲೆಯೂ ಇದೆ, ಚಿಕ್ಕಮ್ಮನೂ ಇಲ್ಲ.

ಅನೀಸನ ಮನೆಗೆ ಹೋದೆ. ಬಾಗಿಲು ತೆಗೆದವನು ನಾನು ಯಾಕೆ ಬಂದೆ ಎಂದು ಕೇಳಲೂ ಇಲ್ಲ. "ಅಕ್ಕ, ಊಟ ಆಯ್ತಾ?" ಅಂದ. ಅವನ ಸಣ್ಣ ಮಗಳಿಗೆ ನನ್ನ ಗುರುತು ಹತ್ತಲಿಲ್ಲ. ಅಪ್ಪನ ಕಾಲ ಹಿಂದೆ ಹೋಗಿ ನಿಂತಳು. ಒಂದು ವರ್ಷ ಆ ಮಗುವಿಗೆ ಬಾಗಿಲು ಹಾಕಿದವಳು ನಾನು. ನೀನು ಒಂದೇ ಒತ್ತಿಗೆ ಕಳಿಸಿ ಮರೆತ ಫೋಟೋಗಾಗಿ. ನನ್ನ ತಪ್ಪಿಗೆ ನಾನು ಅವನ ಕೈ ಹಿಡಿದು ಕ್ಷಮೆ ಕೇಳಿದೆ. ಗಂಡಸಿನ ಮುಂದೆ ಫೋಟೋ ತೆರೆದದ್ದು ತಪ್ಪೇ, ಅದನ್ನು ಹಾಜ್ಜಾ ಮುಂದೆಯೂ ಹೇಳುತ್ತೇನೆ. ಆದರೆ ನನ್ನದನ್ನು ಹೇಳಿ ನಿನ್ನದನ್ನು ನುಂಗಿಕೊಳ್ಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಇಲ್ಲಿಗೆ ಮುಗಿಸೋಣ ಎನ್ನುತ್ತೀಯ. ನಿನ್ನ ಕೈಯಲ್ಲಿ ಕಾಗದ ಇದ್ದಾಗ ಮುಗಿದಿರಲಿಲ್ಲ. ನಾನು ಅಕ್ಕ ಎಂದು ಬರೆದಾಗ ಮುಗಿದಿರಲಿಲ್ಲ. ನನ್ನ ತಮ್ಮನಿಗೆ ಹದಿನೈದು ದಿನ ಕೊಟ್ಟು ಅದನ್ನು ದೊಡ್ಡ ಮನಸ್ಸು ಎಂದು ಕರೆದೆ. ನಿನಗೆ ನಾನು ಎರಡು ದಿನ ಕೊಡುತ್ತೇನೆ.

ಅನೀಸನ ಕಾಗದ ಸುಟ್ಟೆ. ಮಾರ್ಚ್ ಹತ್ತೊಂಬತ್ತರ ಪುಟವನ್ನು ಅವನ ಅಂಗಡಿಯಲ್ಲೇ ಪ್ರಿಂಟ್ ತೆಗೆಸಿದೆ. ನಿನ್ನ ಜನವರಿಯ ಕಾಗದ ನನ್ನ ಎದುರಿಗಿದೆ, ಅದನ್ನೇ ನೋಡಿ ಬರೆಯುತ್ತಿದ್ದೇನೆ. ಗುರುವಾರದ ಹೆಂಗಸರ ಕೂಟದಲ್ಲಿ, ಹಾಜ್ಜಾ ಮಬ್ರೂಕಾಳ ಎದುರು, ನಿನ್ನ ಬಾಯಿಂದಲೇ.

ರೀಮಾಳ ಆಲ್ಬಂ ಈ ಸಲ ಯಾವ ಗಂಡಸಿಗೂ ಕೊಡದೆ ನಾನೇ ಪ್ರಿಂಟ್ ಮಾಡುತ್ತಿದ್ದೇನೆ, ಗುರುವಾರಕ್ಕೆ ಸಿದ್ಧವಾಗುತ್ತದೆ. ಇನ್ನೂರ ಹನ್ನೆರಡು ತಿದ್ದಿದವು. ಕೊನೇ ಪುಟಕ್ಕೆ ಕಲೆ ಇರುವ ಆ ಒಂದನ್ನು ಹಾಗೇ ಹಾಕಿದ್ದೇನೆ, ಅವಳಿಗೆ ಇಷ್ಟವೆಂದು ನೀನೇ ಬರೆದಿದ್ದೀಯ. ಅವಳ ಕೈಗೆ ಅದನ್ನು ನೀನೇ ಕೊಡಬೇಕು. ಕೊಡುವಾಗ ಅವಳ ಕೈ ಮೇಲೆ ನಿನ್ನ ಕೈ ಇಟ್ಟು ಹೇಳಬೇಕು.

ಹಾಜ್ ಮುಖ್ತಾರ್ ಗುರುವಾರ ಬೆಳಿಗ್ಗೆ ಏಳಕ್ಕೆ ಅಲ್ಲಿಂದ ಹೊರಡುತ್ತಾನೆ. ಮುಂದಿನ ಸೀಟು ನಿನಗೆ ಹಿಡಿದಿಡಲು ಹೇಳಿದ್ದೇನೆ. ನೀನು ಬಂದರೆ ನೀನು ಹೇಳುತ್ತೀಯ. ಸೀಟು ಖಾಲಿ ಬಂದರೆ ನಾನು ಹೇಳುತ್ತೇನೆ.

ತಿಬ್ರಾ